ದೇರಾದಲ್ಲಿ ನಾರ್ವೆಯ ಹೆಂಟೆ

ದುಬೈಯ ದೇರಾದ ಈ ಕಾರ್ಗೋ ಅಂಗಡಿಯಿಂದ ಹಾಲುಪುಡಿ, ಕಂಬಳಿ, ಅತ್ತರು ಎಲ್ಲವೂ ಹಡಗು ಹತ್ತಿ ಊರಿಗೆ ಹೋಗುತ್ತವೆ. ತಕರಾರು ನನ್ನ ಮಣ್ಣಿಗೆ ಮಾತ್ರ. ನಾರ್ವೆಯಲ್ಲಿ ಹಿಮನದಿ ಬಿಟ್ಟುಹೋದ ಜೇಡಿ, ಮರಳು, ಕಲ್ಲು ಸೇರಿ ಗಟ್ಟಿಯಾದ ಹೆಂಟೆ ಅದು. ಊರಿನ ನನ್ನ ಭೂವಿಜ್ಞಾನ ವಿದ್ಯಾರ್ಥಿಗಳಿಗೆ ತೋರಿಸಲು ಹೊತ್ತು ತಂದಿದ್ದೆ.

"ನೀರು ತಾಗಿದ್ರೆ ಇದು ಕರಗ್ತದೆ ಮೇಡಂ. ಬೇರೆಯವರ ಸಾಮಾನು ಹಾಳಾದ್ರೆ ಬೈಗುಳ ನನಗೆ," ಎಂದು ಅಂಗಡಿಯ ಉಡುಪಿಯವರು, ಶೇಖರಣ್ಣ, ಮತ್ತೆ ಅದನ್ನೇ ಹೇಳಿದರು.

ನನ್ನ ತಾಳ್ಮೆ ಕೆಟ್ಟಿತು. "ಇದರಲ್ಲಿ ನೀರು ಇಳಿಯುದೇ ಇಲ್ಲ ಮಾರಾಯ್ರೇ! ಅಡಿಯಲ್ಲಿ ಈ ಮಣ್ಣು ಉಂಟು, ಧೈರ್ಯವಾಗಿ ಕಸದ ಗುಂಡಿ ಮಾಡಿ, ಬಾವಿಗಳಿಗೆ ಏನೂ ಆಗುದಿಲ್ಲ ಅಂತ ನಾರ್ವೆಯವರಿಗೆ ಹೇಳಿ ಬಂದವಳೇ ನಾನು."

ಸಿಟ್ಟಿನಲ್ಲಿ ಬಾಟಲಿಯ ನೀರನ್ನು ಹೆಂಟೆಯ ಮೇಲೆ ಸುರಿದೇ ಬಿಟ್ಟೆ. ನೀರು ಅದರ ಕುಳಿಯಲ್ಲಿ ಅಲುಗದೆ ನಿಂತಿತು.

"ನೋಡಿದ್ರಾ?" ಎಂದೆ.

ಶೇಖರಣ್ಣ ಹೆಂಟೆಯನ್ನು ಮೆಲ್ಲಗೆ ಮೇಲೆತ್ತಿದರು. ಜೇಡಿಯ ನಡುವಿನ ತೆಳ್ಳಗಿನ ಮರಳಿನ ಗೆರೆಯೊಂದು ಅಡಿಯವರೆಗೂ ಇಳಿದಿತ್ತು. ಅದರ ತುದಿಯಿಂದ ಒಂದು ಹನಿ ಮೇಜಿನ ಮೇಲೆ ಬಿತ್ತು. ಹಿಂದೆಯೇ ಇನ್ನೊಂದು.

"ಖಲಾಸ್ ಮೇಡಂ, ಇದನ್ನು ತಗೊಳ್ಳಿಕ್ಕೆ ಆಗುದಿಲ್ಲ."

ನಾನು ಆಗಲೇ ಫೋನಿನಲ್ಲಿ ಕಸದ ಗುಂಡಿ ತೋಡಲು ಹೊರಟಿದ್ದ ನಾರ್ವೆಯವರ ನಂಬರು ಹುಡುಕುತ್ತಿದ್ದೆ.