ಆಕಳ ಕತ್ತಿನ ಅಕ್ಕಿಕಾಳು

ನಮ್ಮ ಆಕಳ ಕತ್ತಿಗೆ ಚಿಪ್ ಹಾಕಿಸಿದವಳು ನಾನು. ಅತ್ತೆಗೆ ಹೇಳದೆ ಹಾಕಿಸಿದ್ದೆ. ಮುಂದಿನ ಅನಾಹುತವೆಲ್ಲ ಶುರುವಾದದ್ದು ಚಿಪ್‌ನಿಂದಲ್ಲ, ಹೇಳದೇ ಉಳಿದದ್ದರಿಂದ.

ಅವರ್ಸಾ ಊರಿನ ನಮ್ಮ ಮನೆಯಲ್ಲಿ ಕೊಟ್ಟಿಗೆಯೆಂದರೆ ಅತ್ತೆಯ ರಾಜ್ಯ. ಮದುವೆಯಾಗಿ ಬಂದು ಹನ್ನೆರಡು ವರ್ಷವಾದರೂ ಅಲ್ಲಿ ನನಗಿದ್ದದ್ದು ಸಗಣಿ ಬಾಚುವ ಅಧಿಕಾರ ಮಾತ್ರ. ಆಕಳ ಕಿವಿಯಲ್ಲಿ ಮೊದಲು ಎಲ್ಲರ ದನಗಳಿಗೂ ಇರುವಂಥ, ಸರಕಾರದ ನಂಬರಿನ ಹಳದಿ ಓಲೆಯಿತ್ತು. ಅದು ಬೇಲಿಗೆ ಸಿಕ್ಕಿ ಕಿವಿಯೇ ಹರಿದುಹೋಯಿತು. ಗಾಯಕ್ಕೆ ಅರಿಶಿನ ಹಚ್ಚುತ್ತ ಅತ್ತೆ, "ಇನ್ನು ನನ್ನ ಆಕಳ ಮೈಗೆ ಎಂತದೂ ಚುಚ್ಚೂಕೆ ಬಿಡೂದಿಲ್ಲ, ನೋಡ್ತಾ ಇರು" ಎಂದು ನನಗೇ ಎಚ್ಚರಿಕೆ ಕೊಟ್ಟಿದ್ದರು, ಓಲೆ ಚುಚ್ಚಿದ್ದು ನಾನೇ ಎಂಬಂತೆ.

ಆಕಳು ಕರು ಹಾಕಿ ಎಂಟು ದಿನವಾಗಿತ್ತು. ಅತ್ತೆ ಬೆಳಂಬಾರದ ತಂಗಿಯ ಮನೆಗೆ ಹೋಗಿದ್ದ ಹೊತ್ತಿಗೆ ದನದ ಆಸ್ಪತ್ರೆಯ ಸಹಾಯಕ ಬಂದ. ನಲವತ್ತು ದಾಟಿದ, ನಗುಮುಖದ ಮನುಷ್ಯ. ಓಲೆ ಕಳಕೊಂಡ ದನಗಳ ಗುರುತಿಗೆ ಚರ್ಮದಡಿ ಚಿಪ್ ಹಾಕುತ್ತಿದ್ದೇವೆ ಎಂದ. "ಒಂದು ಅಕ್ಕಿಕಾಳಿನಷ್ಟು ಅದೆ ಅಕ್ಕೋರೆ, ಆಕಳಿಗೆ ಗೊತ್ತೂ ಆಗೂದಿಲ್ಲ." ಕೈಯಲ್ಲಿ ಫೈಲು ಹಿಡಿದು ಬಂದವರಿಗೆ ಇಲ್ಲವೆನ್ನುವ ಧೈರ್ಯ ನನಗೆ ಯಾವತ್ತೂ ಇರಲಿಲ್ಲ. ತಲೆಯಾಡಿಸಿದೆ. ಆತ ದಪ್ಪ ಸೂಜಿಯಿಂದ ಕತ್ತಿನ ಪಕ್ಕ ಚುಚ್ಚಿದ. ಆಮೇಲೆ ಸಣ್ಣದೊಂದು ಮಶೀನು ಅಲ್ಲಿಗೆ ಹಿಡಿದ. ಅದು ಕೀಂ ಎಂದು ಕೂಗಿ ನಂಬರು ತೋರಿಸಿತು.

ಸಂಜೆ ಹೇಳಬೇಕೆಂದೇ ಇದ್ದೆ. ಆದರೆ ಅತ್ತೆ ತಂಗಿಯ ಮನೆಯಿಂದ ಬಳಚು ಎಂಬ ಚಿಪ್ಪುಮೀನು ತಂದಿದ್ದರು, ಒಳ್ಳೆಯ ಹುರುಪಿನಲ್ಲಿದ್ದರು, ಸುಕ್ಕೆ ಮಾಡೋಣ ಎಂದು ಕಾಯಿ ತುರಿಯಲು ಕೂತರು. ಸುಮ್ಮನೆ ಯಾಕೆ ಕೆಡಿಸುವುದು, ನಾಳೆ ಹೇಳಿದರಾಯಿತು ಅಂದುಕೊಂಡೆ. ಮರುದಿನವೂ ಹಾಗೇ ಅಂದುಕೊಂಡೆ.

ಅದು ಚರ್ಮಗಂಟು ರೋಗದ ಕಾಲ. ಹಟ್ಟಿಕೇರಿ ಕಡೆ ದನಗಳ ಮೈತುಂಬ ಗಂಟೆದ್ದಿದೆಯಂತೆ ಎಂಬ ಸುದ್ದಿ ಬಸ್ಸಿನಲ್ಲಿ, ಅಂಗಡಿಯಲ್ಲಿ, ಎಲ್ಲೆಲ್ಲೂ. ಅತ್ತೆ ದಿನಾ ಬೆಳಿಗ್ಗೆ ಆಕಳ ಮೈಯನ್ನು ಬೆರಳಿನಿಂದ ತಡವಿ ನೋಡುತ್ತಿದ್ದರು. ನಾಲ್ಕನೆಯ ದಿನ ಅವರ ಬೆರಳು ಕತ್ತಿನ ಮೇಲೆ ನಿಂತಿತು.

"ಅಯ್ಯೋ ದೇವರೇ, ಗಂಟು!"

ನಾನು ಬಾಗಿಲಲ್ಲೇ ಇದ್ದೆ. ಅದು ಸೂಜಿ ಚುಚ್ಚಿದ ಜಾಗವೆಂದು ನನಗೆ ಗೊತ್ತಿತ್ತು. ಅದನ್ನು ಹೇಳುವ ಬದಲು ಸಗಣಿ ಬುಟ್ಟಿ ಎತ್ತಿಕೊಂಡೆ. ಊರಲ್ಲಿ ನಾನು ಬಾಯಿಬಡುಕಿ ಎಂದೇ ಹೆಸರಾದವಳು!

ಗಂಟು, ಬಾವು, ಏನೇ ಬರಲಿ, ಬರೆ ಹಾಕುವುದು ನಮ್ಮ ಕಡೆಯ ಹಳೆಯ ಮದ್ದು. ಅತ್ತೆ ಕತ್ತಿಯ ತುದಿಯನ್ನು ಬಚ್ಚಲೊಲೆಯ ಕೆಂಡದಲ್ಲಿ ಕೆಂಪಗೆ ಕಾಯಿಸಿದರು. "ಹಗ್ಗ ಗಟ್ಟಿ ಹಿಡಿ" ಎಂದರು. ಹಿಡಿದೆ. ಚರ್ಮ ಚುರ್ರೆಂದಿತು, ಕೂದಲು ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ಒಳಗಿನ ಚಿಪ್ ಒಡೆದು ವಿಷವೇನಾದರೂ ರಕ್ತಕ್ಕೆ ಸೇರಿದರೆ ಎಂದು ಹೆದರುತ್ತಲೇ ಹಗ್ಗ ಇನ್ನಷ್ಟು ಬಿಗಿ ಮಾಡಿದೆ. ಆಕಳು ಕಣ್ಣರಳಿಸಿ ನನ್ನತ್ತಲೇ ನೋಡುತ್ತಿತ್ತು. ಆಗಲೂ ನಾನು ಹೇಳಲಿಲ್ಲ.

ಅತ್ತೆ ಅಷ್ಟಕ್ಕೇ ಬಿಡಲಿಲ್ಲ. ಕರುವಿಗೆ ರೋಗ ತಗಲಬಾರದೆಂದು ಆಕಳನ್ನು ಗದ್ದೆಯ ಆಚೆ ಹೊನ್ನೆ ಮರಕ್ಕೆ ಕಟ್ಟಿದರು. ಹಾಲು ಹಿಂಡಿ ತೆಂಗಿನ ಬುಡಕ್ಕೆ ಚೆಲ್ಲಿದರು. ಹನ್ನೆರಡು ದಿನದ ಕರುವಿಗೆ ಗಂಜಿತಿಳಿ ಕುಡಿಸಿದರು. ಆಚೆಯಿಂದ ತಾಯಿ ಕೂಗುವುದು, ಈಚೆಯಿಂದ ಕರು ಕೂಗುವುದು. ಎರಡನೇ ದಿನ ಕರುವಿಗೆ ಭೇದಿ ಹತ್ತಿತು. ಮೂರನೇ ದಿನ ಅದರ ಕೂಗು ನಿಂತಿತು.

ಕರು ಸಾಯುವುದೋ ಅತ್ತೆಗೆ ಗೊತ್ತಾಗುವುದೋ, ಯಾವುದಕ್ಕೆ ಹೆಚ್ಚು ಹೆದರಿದ್ದೆ ಎಂದು ಯಾರಾದರೂ ಕೇಳಿದರೆ ನಿಜ ಹೇಳಲು ನಾಚಿಕೆಯಾಗುತ್ತದೆ. ಎರಡನೆಯದಕ್ಕೇ.

ಅತ್ತೆ ಕರುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. "ಕಿವಿ ತಣ್ಣಗಾಗ್ಯದೆ ತಂಗಿ. ಇದು ಸಂಜೆವರೆಗೆ ಉಳಿಯೂದಿಲ್ಲ" ಎಂದು ನನಗೆ ಹೇಳಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅವರು ಅತ್ತದ್ದನ್ನು ನಾನು ಮಾವ ತೀರಿಹೋದ ದಿನ ಬಿಟ್ಟರೆ ನೋಡಿರಲಿಲ್ಲ. ಆಗ ನನ್ನ ಬಾಯಿಂದ ಮಾತು ಬಿತ್ತು.

"ಅತ್ತೆ, ಅದು ರೋಗದ ಗಂಟಲ್ಲ. ನೀವು ಬೆಳಂಬಾರಕ್ಕೆ ಹೋದಾಗ ನಾನು ಚಿಪ್ ಹಾಕ್ಸಿದ್ದೆ. ಅದು ಚುಚ್ಚಿದ ಬಾವು."

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಎದ್ದು ಗದ್ದೆ ದಾಟಿ ಹೋದರು, ಆಕಳನ್ನು ಬಿಚ್ಚಿ ತಂದರು. ನಿಲ್ಲಲಾರದ ಕರುವನ್ನು ಹೊಟ್ಟೆಯಡಿ ಕೈಕೊಟ್ಟು ಎತ್ತಿ ಹಿಡಿದು ಮೊಲೆಗೆ ಬಾಯಿ ತಾಗಿಸಿದರು. ನಾನು ಸಹಾಯಕನಿಗೆ ಫೋನು ಮಾಡಿದೆ.

ಆತ ಬಂದು ಕರುವಿಗೆ ಔಷಧಿ ಕುಡಿಸಿ, ಉಳಿಯುತ್ತದೆ ಎಂದ. ಸುಟ್ಟ ಗಾಯ ತೊಳೆದು ಮುಲಾಮು ಹಚ್ಚಿದ. ಚಿಪ್ ಹಾಳಾಗಿದೆಯೋ ನೋಡೋಣವೆಂದು ಮಶೀನು ಹಿಡಿದ. ಕೀಂ ಎಂದಿತು. ಅತ್ತೆ ಬೆಚ್ಚಿ ಹಿಂದೆ ಸರಿದರು. ಮಶೀನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಅವರು ನನ್ನನ್ನು ಹಾಗೆ ನೋಡಿರಲಿಲ್ಲ. ಅವರಿಗೆ ನನ್ನನ್ನು ಕಂಡು ಹೆದರಿಕೆಯಾಗಿತ್ತು.

"ಹೋದ ವರ್ಷ ಕಾರವಾರದಲ್ಲಿ ನನ್ನ ಕಣ್ಣು ಆಪರೇಶನ್ ಮಾಡ್ಸಿದ್ಯಲ್ಲ. ಕಾಗದಕ್ಕೆ ಸೈನ್ ಹಾಕಿದ್ದು ನೀನೇ ಅಲ್ವೇನೆ?"

"ಹೌದು ಅತ್ತೆ."

ಅವರು ಮೆಟ್ಟಿಲ ಮೇಲೆ ಕೂತು ಕತ್ತಿನ ಮೇಲಿನ ಸೆರಗು ಸರಿಸಿದರು. "ತಮ್ಮಾ, ಆ ಮಶೀನು ನನ್ನ ಮೈಮೇಲೂ ಒಂದ್ಸಲ ಹಿಡಿ."

ಆತ ನಕ್ಕ. ಅತ್ತೆ ನಗದಿದ್ದದ್ದನ್ನು ನೋಡಿ ನಗು ನಿಲ್ಲಿಸಿ ನನ್ನ ಮುಖ ನೋಡಿದ. ಹಿಡಿ ಎಂದೆ. ಕತ್ತಿಗೆ ಹಿಡಿದ, ಭುಜಕ್ಕೆ ಹಿಡಿದ, ಕೊನೆಗೆ ಅವರು ಬೆರಳು ತೋರಿಸಿದ ಬಲಗಣ್ಣಿನ ಹತ್ತಿರ ಹಿಡಿದ. ಆ ಕಣ್ಣೊಳಗೆ ಲೆನ್ಸ್ ಇದೆ. ಪೊರೆ ತೆಗೆಯುತ್ತಾರೆ ಎಂದಷ್ಟೇ ನಾನು ಆವತ್ತು ಹೇಳಿದ್ದೆ. ಕಣ್ಣೊಳಗೆ ಏನೋ ಇಡುತ್ತಾರೆಂದು ತಿಳಿದರೆ ಎದ್ದು ಬಸ್ಸು ಹತ್ತಿಬಿಡುತ್ತಾರೆಂದು ಹೆದರಿ ಉಳಿದದ್ದನ್ನು ನುಂಗಿಕೊಂಡಿದ್ದೆ. ಲೆನ್ಸಿಗೆ ಆ ಮಶೀನು ಕೂಗುವುದಿಲ್ಲ, ಅದೂ ಗೊತ್ತಿತ್ತು. ಆದರೂ ಮಶೀನಿನಿಂದ ಕಣ್ಣು ಕೀಳಲಿಲ್ಲ.

ಮಶೀನು ಕೂಗಲಿಲ್ಲ.

ಅತ್ತೆ ಸೆರಗು ಹೊದ್ದುಕೊಂಡರು. ಮುಖ ಸ್ವಲ್ಪ ಸಡಿಲವಾಯಿತು. ಆದರೂ ಅವರಿಗೆ ಮಶೀನಿನ ಮಾತು ಸಾಲಲಿಲ್ಲ, ನನ್ನ ಬಾಯಿಂದ ಕೇಳಬೇಕಿತ್ತು. ಆ ಬಲಗಣ್ಣಿನಿಂದಲೇ ನನ್ನನ್ನು ದಿಟ್ಟಿಸಿ ಕೇಳಿದರು: "ನನ್ನ ಒಳಗೆ ಎಂತದೂ ಹಾಕ್ಸಲಿಲ್ಲ ಅಲ್ವೆ ತಂಗಿ?"

"ಇಲ್ಲ ಅತ್ತೆ, ಎಂತದೂ ಇಲ್ಲ" ಎಂದೆ.