ಚಂದ್ರಿಕೆಯ ಮೇಲೆ ಕ್ರಿಸ್‌ಮಸ್ ಕಾರ್ಡುಗಳು

ಹಂಡೆ ಒಲೆಯೊಳಗಿಂದ ಹಾಡು ಕೇಳಿಸಿತು. ಕ್ರಿಸ್‌ಮಸ್ ಟ್ಯೂನು, ಮೊದಲು ಸರಿಯಾಗಿ, ಆಮೇಲೆ ರಾಗ ತಪ್ಪಿ, ಕೊನೆಗೆ ಒಂದೇ ಸ್ವರ ಕೀಂ ಎಂದು ಎಳೆದು ನಿಂತುಹೋಯಿತು. ಆಗ ಡಿಸೆಂಬರ್, ಮೈಸೂರು ಬಿಟ್ಟು ಶಿಡ್ಲಘಟ್ಟದ ಹತ್ತಿರದ ಮಗಳ ಮನೆಗೆ ಬಂದು ನನಗಿನ್ನೂ ವಾರ ತುಂಬಿರಲಿಲ್ಲ. ಬಚ್ಚಲಿಗೆ ಓಡಿದೆ. ಅಳಿಯನ ತಾಯಿ ಚೌಡಮ್ಮ ಒಲೆಯ ಮುಂದೆ ಕೂತು, ನಾನು ಡಬ್ಬದಲ್ಲಿ ಜೋಪಾನವಾಗಿ ತಂದಿದ್ದ ಕ್ರಿಸ್‌ಮಸ್ ಕಾರ್ಡುಗಳನ್ನು ಒಂದೊಂದೇ ಉರಿಗೆ ಹಾಕುತ್ತಿದ್ದರು. ಡಬ್ಬ ಖಾಲಿಯಾಗಿತ್ತು.

ಹಾಡಿದ್ದು ನನ್ನ ಹಸ್ಬೆಂಡ್ ತಮ್ಮ ಕೊನೆಯ ಕ್ರಿಸ್‌ಮಸ್‌ಗೆ ನನಗೆ ಕೊಟ್ಟ ಮ್ಯೂಸಿಕಲ್ ಕಾರ್ಡು.

“ಹಳೇ ಪೇಪರ್ ಅಂದ್ಕೊಂಡೆ ಕಣ್ರಮ್ಮ. ದೇವ್ರ ಪಟ ಇದ್ದಿದ್ರೆ ಮುಟ್ತಿದ್ನಾ? ಬರೀ ಜಿಂಕೆ, ನಕ್ಷತ್ರ” ಎಂದರು. ನಾನು ಕದಲದೆ ನಿಂತದ್ದು ನೋಡಿ, “ಪೋನೀ ಬೀಗ್ತೆಮ್ಮ. ನೀರು ಕಾದೈತೆ, ಸ್ನಾನ ಮಾಡ್ಕೊಳ್ಳಿ” ಎಂದರು.

ಪೋನೀ ಎಂದರೆ ತೆಲುಗಿನಲ್ಲಿ ‘ಹೋಗಲಿ ಬಿಡು’. ಇಲ್ಲಿಗೆ ಬಂದು ನಾನು ಕಲಿತ ಮೊದಲ ಪದ. ಆ ನೀರಿನಲ್ಲಿ ನಾನು ಸ್ನಾನ ಮಾಡಲಿಲ್ಲ.

ಮೈಸೂರಿನ ಗೆಳತಿಯರೇ, ನಮ್ಮಲ್ಲಿ ಡಿಸೆಂಬರ್ ಎಂದರೆ ಹಾಲ್‌ನಲ್ಲಿ ದಾರ ಕಟ್ಟಿ ಕಾರ್ಡು ತೂಗುಹಾಕುವುದು, ಬೀದಿಗೆಲ್ಲ ರೋಸ್ ಕುಕ್ಕಿ ಕರಿಯುವ ಪರಿಮಳ. ಇಲ್ಲಿ ಡಿಸೆಂಬರ್ ಎಂದರೂ ರೇಷ್ಮೆ ಹುಳ, ಜೂನ್ ಎಂದರೂ ಹುಳ. ಅದಕ್ಕೆ ವಾಸನೆ ಆಗದು. ಊದುಬತ್ತಿ ಹಚ್ಚುವಂತಿಲ್ಲ, ನಾನು ಪೌಡರ್ ಹಾಕುವಂತಿಲ್ಲ. ಹುಳ ಪೊರೆ ಬಿಡುವುದಕ್ಕೆ ಇಲ್ಲಿನವರು ಜ್ವರ ಎನ್ನುತ್ತಾರೆ. “ಮೂರನೇ ಜ್ವರ, ಮೆತ್ತಗೆ ಮಾತಾಡಿ” ಎಂದು ಚೌಡಮ್ಮ ನನ್ನನ್ನು ಗದರುತ್ತಿದ್ದರು. ನನಗೆ ನಿಜವಾದ ಜ್ವರ ಬಂದಾಗ ಯಾರೂ ಮೆತ್ತಗೆ ಮಾತಾಡಲಿಲ್ಲ.

“ಅಡ್ಜಸ್ಟ್ ಮಾಡ್ಕೊಳ್ಳಿ ಮಮ್ಮಿ” ಎಂದಳು ಮಗಳು ಸಿಲ್ವಿಯಾ. ಮಾಡಿಕೊಂಡೆ. ರಾಗಿಮುದ್ದೆ ನುಂಗಲು ಕಲಿತೆ, ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಒಬ್ಬಳೇ ಹೋಗಿ ಚರ್ಚಿನಲ್ಲಿ ಮಾಸ್ ಕೇಳಿ ಬರಲು ಕಲಿತೆ. ಕಾನ್ವೆಂಟಿನ ಸಿಸ್ಟರ್‌ಗಳು ನಮಗೆ ಕ್ಷಮೆಯನ್ನೂ ಕಲಿಸಿದ್ದರು, ಪೇಷನ್ಸನ್ನೂ ಕಲಿಸಿದ್ದರು. ನನ್ನಲ್ಲಿ ಉಳಿದದ್ದು ಎರಡನೆಯದು.

ಹಣ್ಣಾದ ಹುಳ ಗೂಡು ಕಟ್ಟುವುದು ಚಂದ್ರಿಕೆಯ ಮೇಲೆ. ಅಗಲವಾದ ಬಿದಿರು ಚಾಪೆ, ಅದರ ಮೇಲೆ ಸುರುಳಿ ಸುರುಳಿಯಾಗಿ ನಿಲ್ಲಿಸಿದ ಬಿದಿರು ಪಟ್ಟಿ. ಈಗ ಎಲ್ಲರದೂ ಪ್ಲಾಸ್ಟಿಕ್. ಚೌಡಮ್ಮನ ತೀರಿಹೋದ ಗಂಡ ಕೈಯಾರೆ ಹೆಣೆದ ಬಿದಿರಿನದೊಂದು ಮಾತ್ರ ಬೇರೆ ಮೊಳೆಗೆ ನೇತಾಡುತ್ತಿತ್ತು. ಪ್ರತಿ ಬೆಳೆಯಲ್ಲೂ ಮೊದಲು ಹಣ್ಣಾದ ಹುಳ ಅದಕ್ಕೇ. “ನಮ್ ಯಜಮಾನ್ರ ಕೈದು” ಎಂದು ಬೇರೆಯವರಿಗೆ ಒರೆಸಲೂ ಬಿಡುತ್ತಿರಲಿಲ್ಲ.

ಮುಂದಿನ ಡಿಸೆಂಬರಿನಲ್ಲಿ ಚೌಡಮ್ಮ ಮಗನೊಂದಿಗೆ ಚಿಂತಾಮಣಿಗೆ ಮದುವೆಗೆ ಹೋದ ದಿನ, ನಾನು ಅದನ್ನು ಕೆಳಗಿಳಿಸಿದೆ.

“ಅಜ್ಜಿ ಬೈತಾರೆ ಗ್ರ್ಯಾನಿ” ಎಂದಳು ಮೊಮ್ಮಗಳು ಅನಿತ.

“ಬೈಯಲಿ ಬಿಡಮ್ಮ. ಗೋಂದು ತಗೊಂಡ್ ಬಾ.”

ನನ್ನ ಕಾರ್ಡುಗಳು ಹೋದವೆಂದು ಕೇಳಿ ನೀವು ಹೊಸದಾಗಿ ಕಳಿಸಿದ್ದಿರಲ್ಲ, ಅವುಗಳ ಬೆನ್ನಿಗೆ ಗೋಂದು ಸವರಿ ಸುರುಳಿಯ ಉದ್ದಕ್ಕೂ ಅಂಟಿಸಿದೆವು. ಸಾಲದ್ದಕ್ಕೆ ಡ್ರಾಯಿಂಗ್ ಶೀಟ್ ಮಡಚಿ ನಾವೇ ಕಾರ್ಡು ಮಾಡಿದೆವು. ಚಿಟ್ಟೆ ತೂತು ಮಾಡಿ ಹೋದ ರೇಷ್ಮೆಗೂಡುಗಳನ್ನು ಕತ್ತರಿಸಿ ಗಂಟೆ ಮಾಡಿದಳು ಅನಿತ. ಸ್ಕೂಲಿನಲ್ಲಿ ಪಾಠ ಮುಗಿಸಿ ಬಂದ ಸಿಲ್ವಿಯಾ ಬಾಗಿಲಲ್ಲೇ ನಿಂತಳು. “ಮಮ್ಮಿ, ದಿಸ್ ಈಸ್ ಕ್ರೂಯಲ್” ಎಂದಳು. ಆಮೇಲೆ ಬ್ಯಾಗ್ ಕೆಳಗಿಟ್ಟು, “ಡ್ಯಾಡಿ ಕಾರ್ಡಿನ ಜಾಗ ನಡುವೆ ಇರಲಿ” ಎಂದು ಕತ್ತರಿ ಕೈಗೆತ್ತಿಕೊಂಡಳು. ನಡುವಿನ ಸುತ್ತನ್ನು ಖಾಲಿ ಬಿಟ್ಟೆವು. ಮೇಲೆ ಗ್ಲಿಟರ್ ಉದುರಿಸಿ ಹಾಲ್‌ನ ಗೋಡೆಗೆ ತೂಗುಹಾಕಿದೆವು. ಇಟ್ ವಾಸ್ ಬ್ಯೂಟಿಫುಲ್.

ಸಂಜೆ ಬಂದ ಚೌಡಮ್ಮ ಹಾಲ್‌ನ ಗೋಡೆ ನೋಡಿದರು. ಹತ್ತಿರ ಹೋಗಿ ಬಿದಿರನ್ನು ಬೆರಳಿನಿಂದ ಮುಟ್ಟಿ, ಮೂಸಿದರು.

“ಇನ್ನು ಹುಳ ಹತ್ತಲ್ಲ ಇದಕ್ಕೆ.”

“ಪೋನೀ ಬೀಗ್ತೆಮ್ಮ” ಎಂದೆ ನಾನು. ಒಂದು ವರ್ಷ ಕಾದಿಟ್ಟ ಮಾತು.

ಅವರು ಕೂಗಾಡಲಿಲ್ಲ. “ನಡುವೆ ಯಾಕೆ ಖಾಲಿ?”

“ಅಲ್ಲಿರಬೇಕಾದ್ದನ್ನ ನೀವು ಒಲೆಗೆ ಹಾಕಿದ್ರಿ. ನಮ್ಮ ಯಜಮಾನ್ರು ಕೊಟ್ಟಿದ್ದು.”

“ಒಲೇಲಿ ಹಾಡ್ತಲ್ಲ, ಅದಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದರು.

ಆ ಬೆಳೆಯ ಮೊದಲ ಹುಳ ಪ್ಲಾಸ್ಟಿಕ್ಕಿನ ಮೇಲೆ ಗೂಡು ಕಟ್ಟಿತು. ಆ ವರ್ಷ ಕೇಕಿಗೆ ಸಕ್ಕರೆಯೇ ಬೇಕಿರಲಿಲ್ಲ ನನಗೆ.

ವಾಪಸ್ ಬಂದುಬಿಡು ಎಂದು ನೀವು ಕರೆಯುತ್ತೀರಿ. ಬರಬೇಕು, ನನ್ನ ಹಸ್ಬೆಂಡ್ ಸಮಾಧಿ ಅಲ್ಲಿದೆ. ಆದರೆ ನನ್ನ ಕ್ರಿಸ್‌ಮಸ್ ಈ ಗೋಡೆಗೆ ಅಂಟಿಕೊಂಡಿದೆ, ಅದರ ಧೂಳು ಹೊಡೆಯಲು ಬೇರೆ ಯಾರಿಗೂ ನಾನು ಬಿಡುವುದಿಲ್ಲ. ಅಲ್ಲಿಗೆ ಬಂದರೆ ಇದು ನೆನಪಾಗುತ್ತದೆ, ಇಲ್ಲಿ ಕೂತರೆ ಅದು.

ಆ ಕ್ರಿಸ್‌ಮಸ್ ಮುಗಿದ ಜನವರಿಯಲ್ಲಿ ಚೌಡಮ್ಮ ಗೌರಿಬಿದನೂರಿನ ಮಗಳ ಮನೆಗೆ ಹೋದರು, ಅಲ್ಲೇ ತೀರಿಕೊಂಡರು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಹೊರಟ ದಿನ ಬೆಳಿಗ್ಗೆ. ಹೊರಗೆ ಆಟೋ ಕಾಯುತ್ತಿತ್ತು. ಹಾಲ್‌ನಲ್ಲಿ ಯಾರೂ ಇಲ್ಲವೆಂದುಕೊಂಡು ಅವರು ಚಂದ್ರಿಕೆಯ ಮುಂದೆ ನಿಂತಿದ್ದರು. ಒಂದು ಕಾರ್ಡು ತೆರೆದು ಅದಕ್ಕೆ ಕಿವಿಯಿಟ್ಟು ಕೇಳುವರು, ಮುಚ್ಚುವರು, ಪಕ್ಕದ್ದನ್ನು ತೆರೆಯುವರು. ಯಾವುದೂ ಹಾಡುವುದಿಲ್ಲ ಎಂದು ನಾನು ಹೇಳಬಹುದಿತ್ತು. ಬಾಗಿಲ ಮರೆಯಲ್ಲೇ ನಿಂತು, ಕೊನೆಯ ಕಾರ್ಡಿನವರೆಗೂ ಹುಡುಕಲಿ ಎಂದು ಬಿಟ್ಟೆ.