ಪಕ್ಕದ ಮಂಚದ ತಾಯಿ

ಎರಡೂ ಕೈಯ ಹಸಿರು ಗಾಜಿನ ಬಳೆಗಳನ್ನು ಮೊಣಕೈವರೆಗೆ ಏರಿಸಿ, ಜಾರದಂತೆ ರಬ್ಬರ್ ಬ್ಯಾಂಡ್ ಬಿಗಿದು ಅವಳು ಆಸ್ಪತ್ರೆಯ ಮಂಚದ ಬಳಿ ಕೂರುತ್ತಿದ್ದಳು. ಮಗನಿಗೆ ರಕ್ತ ಏರುವಷ್ಟು ಹೊತ್ತೂ ಬಳೆ ಸದ್ದು ಮಾಡಬಾರದು. ಸೂಜಿ ಚುಚ್ಚಿಸಿಕೊಂಡ ಹುಡುಗ ಅಷ್ಟಾದರೂ ನಿದ್ದೆ ಮಾಡಲಿ ಎಂದು. ಪಕ್ಕದ ಮಂಚದಲ್ಲಿ ನನ್ನ ಮಗಳು. ಇಬ್ಬರು ಮಕ್ಕಳಿಗೂ ಥಲಸ್ಸೀಮಿಯಾ. ಮೈಯಲ್ಲಿ ರಕ್ತ ಸರಿಯಾಗಿ ಹುಟ್ಟುವುದಿಲ್ಲ, ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ ಹಾಕಿಸಬೇಕು.

ಬೆಂಗಳೂರಿನ ಆ ಆಸ್ಪತ್ರೆಗೆ ನಾನು ವಿಜಯನಗರದಿಂದ ಹೋಗುತ್ತಿದ್ದೆ, ಅವಳು ಹೆಗ್ಗನಹಳ್ಳಿಯಿಂದ. ಬಾಗಲಕೋಟೆ ಕಡೆಯವಳು, ಗಂಡ ಬೈಕಿನಲ್ಲಿ ಮನೆಮನೆಗೆ ಊಟ ತಲುಪಿಸುತ್ತಿದ್ದ. ನನಗಿಂತ ಚಿಕ್ಕವಳು, ಆದರೂ ವಾರ್ಡಿನ ಯಜಮಾನಿಕೆಯೆಲ್ಲ ಅವಳದೇ. ಹೊಸ ಮಗು ಅತ್ತರೆ ಮೊದಲು ಅದರ ತಾಯಿಯನ್ನು ಗದರುತ್ತಿದ್ದಳು: "ನೀವ್ ಅಳಬ್ಯಾಡ್ರಿ, ನಿಮ್ಮನ್ ನೋಡೇ ಅದು ಅಳತೈತಿ." ನರ ಸಿಗದೆ ನರ್ಸ್ ಒದ್ದಾಡಿದರೆ ಅವರ ಕೈಗೂ ಒಂದು ಜೋಳದ ರೊಟ್ಟಿ ಇಟ್ಟು, "ತಿಂದ್ ಬಂದ್ ಹುಡುಕ್ರಿ ಸಿಸ್ಟರ್" ಎನ್ನುತ್ತಿದ್ದಳು.

ಹೆಚ್ಚುಕಡಿಮೆ ಒಟ್ಟಿಗೇ ಇಬ್ಬರೂ ಮತ್ತೆ ಬಸಿರಾದೆವು. ಈ ಮಗುವಿಗೂ ಕಾಯಿಲೆ ಬರಬಹುದು, ಗರ್ಭದೊಳಗಿನ ಮಾಸಿನ ಚೂರು ತೆಗೆದು ಪರೀಕ್ಷಿಸಿದರೆ ಈಗಲೇ ತಿಳಿಯುತ್ತದೆ ಎಂದರು ಡಾಕ್ಟರು. ನಾನು ಕೂಡಲೇ ಒಪ್ಪಿದೆ. ಅವಳು ಒಪ್ಪಲಿಲ್ಲ.

"ತಿಳ್ಕೊಂಡ್ ಏನ್ ಮಾಡೂದೈತ್ರೀ ಅಕ್ಕಾ? ಇಂವಂದ್ ಮೊದ್ಲ ಗೊತ್ತಾಗಿದ್ರ ಇಂವ ಇರ್ತಿದ್ದಿಲ್ಲ ನೋಡ್ರಿ," ಎಂದು ಮಲಗಿದ್ದ ಮಗನ ಕಡೆ ನೋಡಿದಳು.

"ಇನ್ನೊಂದು ಮಗೂಗೂ ಈ ಸೂಜಿ ಬೇಕಾ? ತಿಳ್ಕೊಳ್ಳೋಕ್ ದಾರಿ ಇದ್ದೂ ಸುಮ್ನೆ ಇರ್ತೀಯಾ?" ಎಂದೆ.

ಮಾತು ನಾಟಿತು. ನನ್ನ ಜೊತೆಯಲ್ಲೇ ಬಂದು ಪರೀಕ್ಷೆ ಮಾಡಿಸಿಕೊಂಡಳು.

ಅವಳ ರಿಪೋರ್ಟ್ ಚೆನ್ನಾಗಿ ಬಂತು. ನನ್ನ ಕೂಸಿಗೆ ಕಾಯಿಲೆ ಇತ್ತು.

ತೆಗೆಸಿದೆ. ಗಂಡ, ಅತ್ತೆ, ಡಾಕ್ಟರು, ಯಾರೂ ಬಲವಂತ ಮಾಡಲಿಲ್ಲ, ತೀರ್ಮಾನ ನನ್ನದೇ. ಅವಳಿಗೆ ಆರೋಗ್ಯದ ಮಗು ಸಿಕ್ಕಿತೆಂಬ ಹೊಟ್ಟೆಕಿಚ್ಚು ಒಂದು ಕಡೆಗಿರಲಿ, ಅವಳು ಏನನ್ನೂ ತೀರ್ಮಾನಿಸಬೇಕಾಗಿಯೇ ಬರಲಿಲ್ಲವಲ್ಲ, ಅದನ್ನು ನನ್ನಿಂದ ಸಹಿಸಲಾಗಲಿಲ್ಲ. ಪರೀಕ್ಷೆ ಬೇಡವೆಂದವಳ ಮಡಿಲು ತುಂಬಿತು, ಬೇಕೆಂದ ನನ್ನದು ಬರಿದಾಯಿತು.

ಮನೆಯಲ್ಲಿ ಎಲ್ಲರೂ ಅದನ್ನು 'ಪ್ರೊಸೀಜರ್' ಎಂದರು. ಕೆಲವೇ ದಿನಕ್ಕೆ ನಾನು ಅಡುಗೆಮನೆ ಸೇರಿದೆ. ಆಗ ಅವಳು ಬಂದಳು, ಬಾಣಂತಿಯರಿಗೆ ಕಟ್ಟುವ ಅಂಟಿನುಂಡೆಯನ್ನು ಡಬ್ಬಿ ತುಂಬ ಹಿಡಿದು. ನನ್ನ ಕೈಯಿಂದ ಸೌಟು ಕಸಿದುಕೊಂಡು, "ನೀವೂ ಬಾಣಂತೀನ ರೀ ಅಕ್ಕಾ. ಹಿಂಗ್ ತಲೀ ಬಿಟ್ಕೊಂಡ್ ಗಾಳ್ಯಾಗ ನಿಂದರಬಾರ್ದು. ಅರಿವಿ ಕಟ್ಕೊಳ್ರಿ," ಎಂದಳು.

"ನಿನ್ ಹೊಟ್ಟೆ ತೋರ್ಸೋಕ್ ಬಂದ್ಯಾ? ತಗೊಂಡ್ ಹೋಗು!"

ಇನ್ನೂ ಸರಿಯಾಗಿ ಕಾಣಿಸದ ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡಳು. ಕುದಿಯುತ್ತಿದ್ದ ಸಾರು ಇಳಿಸಿ, ತನ್ನ ಹೆಗಲ ಮೇಲಿದ್ದ ಟವೆಲನ್ನು ನನ್ನ ತಲೆಗೆ ಬಿಗಿಯಾಗಿ ಸುತ್ತಿ, ಡಬ್ಬಿ ಅಲ್ಲೇ ಬಿಟ್ಟು ಹೋದಳು.

ಮುಂದೆ ಆಸ್ಪತ್ರೆಯಲ್ಲಿ ಕಾಣಿಸಲಿಲ್ಲ. "ಮಗನಿಗೆ ರಕ್ತ ಹಾಕ್ಸೋಕೆ ಬೇರೆ ದಿನ ತಗೊಂಡಿದಾರೆ ಆಂಟಿ. ಹೊಟ್ಟೆ ಹೊತ್ಕೊಂಡು ನಿಮ್ಮೆದುರು ಕೂರೋಕೆ ಮನಸ್ಸಿಲ್ವಂತೆ," ಎಂದರು ನರ್ಸ್. ಅದಕ್ಕೂ ಹೊಟ್ಟೆಕಿಚ್ಚುಪಟ್ಟೆ. ಮಡಿಲು ತುಂಬಿದವಳಿಗೆ ದೊಡ್ಡಮನಸ್ಸು ಸುಲಭ ಎಂದುಕೊಂಡೆ. ಹೆರಿಗೆಯಾಯಿತೆಂದು ತಿಳಿದರೂ ನೋಡಲು ಹೋಗಲಿಲ್ಲ.

ಕೂಸಿಗೆ ವರ್ಷ ತುಂಬುವ ಹೊತ್ತಿಗೆ ಅವಳ ಫೋನ್ ಬಂತು. "ಹುಬ್ಬಳ್ಳ್ಯಾಗ ಇವ್ರಿಗೆ ಕೆಲಸ ಸಿಕ್ತ್ರೀ ಅಕ್ಕಾ. ಅಲ್ಲೂ ರಕ್ತ ಹಾಕ್ತಾರಂತ. ನಾಳೆ ಮುಂಜಾನೆ ಗೊರಗುಂಟೆಪಾಳ್ಯದಿಂದ ಹೊಂಟೀವಿ."

ಹೋಗಬಾರದೆಂದೇ ಇದ್ದೆ. ಬೆಳಗಾದರೆ ಗೊರಗುಂಟೆಪಾಳ್ಯದ ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ಅವಳು ತನ್ನ ಪುಟ್ಟ ಮಗಳನ್ನು ನನ್ನ ತೋಳಿಗೆ ಹಾಕಿದಳು. ಕೂಸು ನನ್ನ ಕುತ್ತಿಗೆಗೆ ಮುಖ ಒತ್ತಿಕೊಂಡಿತು. ಅದರ ಬಾಯಿಯಲ್ಲಿ ಹಾಲಿನ ವಾಸನೆ.

"ನಿಮ್ಮ ಕೂಸೂ ಈಗ ಇಷ್ಟ ಆಗಿರ್ತಿತ್ತು, ಅಲ್ರೀ?" ಎಂದಳು.

ತೆಗೆಸಿದ ಮೇಲೆ ಯಾರೂ ಅದನ್ನು ಕೂಸು ಎಂದಿರಲಿಲ್ಲ, ನಾನೂ ಬಾಯಿಬಿಟ್ಟು ಅಂದಿರಲಿಲ್ಲ. ನನ್ನ ತೀರ್ಮಾನ ತಪ್ಪೆಂದು ಇವತ್ತಿಗೂ ನನಗೆ ಅನ್ನಿಸುವುದಿಲ್ಲ. ಅವಳ ಮೇಲಿನ ಹೊಟ್ಟೆಕಿಚ್ಚೂ ಪೂರ್ತಿ ಆರಿಲ್ಲ. ಆದರೆ ನನ್ನ ಕೂಸಿನ ವಯಸ್ಸನ್ನು ನೆನಪಿಟ್ಟವಳು ಅವಳೊಬ್ಬಳೇ.

ಬಸ್ಸು ಬಂತು. ಗಂಡ ಸಾಮಾನು ಏರಿಸಿ, ಮಗನನ್ನು ಹತ್ತಿಸಿದ. "ಹತ್ತಮ್ಮಾ, ಟೈಮಾಯ್ತು" ಎಂದು ಕಂಡಕ್ಟರ್ ಕೂಗುತ್ತಲೇ ಇದ್ದ. ಅವಳು ಕೈ ಚಾಚಲಿಲ್ಲ. ನಾನಾಗಿ ಕೂಸನ್ನು ಕೊಡುವವರೆಗೂ ಬಾಗಿಲ ಬಳಿ ನಿಂತೇ ಇದ್ದಳು.